ದಿನದ ಊಟದಲ್ಲಿ ಪೊಟ್ಯಾಶಿಯಂ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಗೆ ಪೊಟ್ಯಾಶಿಯಂ ಎನ್ನುವ ಮಾತು ಮೊದಲು ಬಂದದ್ದು ಅಪ್ಪನಿಂದ. ಬಿಪಿಗೆ ಅಂತ ಅವರು ನೀರಿನ ಮಾತ್ರೆ, ಅಂದರೆ ಮೂತ್ರ ಹೆಚ್ಚು ಹೋಗುವಂತೆ ಮಾಡುವ ಮಾತ್ರೆ, ನುಂಗುತ್ತಿದ್ದರು. ಒಂದು ಬೇಸಿಗೆಯಲ್ಲಿ ಎರಡು ದಿನ ಭೇದಿಯಾಯಿತು. ಮೂರನೇ ದಿನ ಬೆಳಿಗ್ಗೆ ಬಚ್ಚಲಿಗೆ ಹೋಗಲು ಎದ್ದವರು ಮತ್ತೆ ಮಂಚದ ಮೇಲೇ ಕೂತುಬಿಟ್ಟರು. "ಕಾಲಲ್ಲಿ ಶಕ್ತಿನೇ ಇಲ್ಲ ಕಣಮ್ಮ" ಅಂದರು. ರಕ್ತ ಪರೀಕ್ಷೆ ಮಾಡಿಸಿದಾಗ ಪೊಟ್ಯಾಶಿಯಂ 2.9 ಇತ್ತು, ಇರಬೇಕಾದದ್ದಕ್ಕಿಂತ ಕಡಿಮೆ.

ಅದಾಗಿ ಕೆಲವು ವರ್ಷಕ್ಕೆ ನಮ್ಮ ಅತ್ತೆಗೆ ಕಿಡ್ನಿ ತೊಂದರೆ ಶುರುವಾಯಿತು. ಅವರದು ಉಲ್ಟಾ, 5.8. ಅಪ್ಪನಿಗೆ ಎಳನೀರು ಕುಡಿಸಿ ಅಂದಿದ್ದರು. ಅತ್ತೆಗೆ ಎಳನೀರು ಮುಟ್ಟಿಸಲೇಬೇಡಿ ಅಂದರು. ಎರಡೂ ಕಡೆ ಅಡುಗೆ ಮಾಡುವವಳು ನಾನೇ. ಹೀಗಾಗಿ ಕಲಿಯದೆ ಬೇರೆ ದಾರಿಯೇ ಇರಲಿಲ್ಲ. ಆಮೇಲಿಂದ ನೆಂಟರು, ಅಕ್ಕಪಕ್ಕದವರು ಕೇಳಿದ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ಡಾಕ್ಟರ್ ಅಲ್ಲ. ಕಿಡ್ನಿ, ಹೃದಯದ ತೊಂದರೆ ಇರುವವರು ಇದನ್ನು ಓದಿ ಊಟ ಬದಲಿಸುವ ಮೊದಲು ನಿಮ್ಮ ಡಾಕ್ಟರನ್ನು ಕೇಳಲೇಬೇಕು.

ಪೊಟ್ಯಾಶಿಯಂ ದೇಹದಲ್ಲಿ ಏನು ಕೆಲಸ ಮಾಡುತ್ತದೆ?

ಇದೊಂದು ಖನಿಜ. ನಮ್ಮ ದೇಹದಲ್ಲಿರುವ ಪೊಟ್ಯಾಶಿಯಂನಲ್ಲಿ ನೂರಕ್ಕೆ 98 ಪಾಲು ಜೀವಕೋಶಗಳ ಒಳಗಿರುತ್ತದೆ. ಸೋಡಿಯಂ, ಅಂದರೆ ಉಪ್ಪಿನಲ್ಲಿರುವುದು, ಹೆಚ್ಚಾಗಿ ಹೊರಗಿರುತ್ತದೆ. ಇದು ಒಳಗೆ, ಅದು ಹೊರಗೆ. ಈ ವ್ಯತ್ಯಾಸದಿಂದಲೇ ನರಗಳಲ್ಲಿ ಸಣ್ಣ ವಿದ್ಯುತ್ತು ಹರಿಯುತ್ತದೆ, ಕೈಕಾಲು ಆಡುತ್ತವೆ, ಎದೆ ಬಡಿಯುತ್ತದೆ. ರಕ್ತದಲ್ಲಿ ಇರುವುದು ಬಹಳ ಕಡಿಮೆ: ಲೀಟರಿಗೆ ಸುಮಾರು 3.5ರಿಂದ 5 ಮಿಲಿಮೋಲ್. ಆ ಸಣ್ಣ ಅಳತೆ ಸ್ವಲ್ಪ ಆಚೀಚೆಯಾದರೂ ಹೃದಯದ ಬಡಿತ ತಪ್ಪಬಹುದು. ಜಾಸ್ತಿಯಾದದ್ದನ್ನು ಮೂತ್ರದಲ್ಲಿ ಹೊರಗೆ ಹಾಕಿ ಲೆಕ್ಕ ಸರಿ ಇಡುವ ಕೆಲಸ ಕಿಡ್ನಿಯದು.

ಹೊಲಕ್ಕೆ ಹಾಕುವ ಪೊಟ್ಯಾಷ್ ಇದೇನಾ?

ಅದೇ. ನಮ್ಮೂರಿನ ರೈತರೊಬ್ಬರು ಇದನ್ನು ಕೇಳಿದಾಗ ನನಗೆ ತುಂಬ ಸಂತೋಷವಾಯಿತು. ಸಾರಜನಕ, ರಂಜಕ, ಪೊಟ್ಯಾಷ್ ಎಂದು ಮೂಟೆಯ ಮೇಲೆ ಬರೆದಿರುತ್ತದಲ್ಲ, ಆ ಮೂರನೆಯದೇ ಇದು. ಬಾಳೆ ತೋಟಕ್ಕೆ ಪೊಟ್ಯಾಷ್ ಜಾಸ್ತಿ ಬೇಕು ಅನ್ನುವುದು ಬೆಳೆಗಾರರಿಗೆಲ್ಲ ಗೊತ್ತು. ಗಿಡ ಮಣ್ಣಿನಿಂದ ಹೀರಿಕೊಂಡದ್ದು ಎಲೆಗೆ, ಕಾಳಿಗೆ, ಗಡ್ಡೆಗೆ ಸೇರಿ ನಮ್ಮ ತಟ್ಟೆಗೆ ಬರುತ್ತದೆ. ಅಜ್ಜಿ ಪಾತ್ರೆ ತಿಕ್ಕುತ್ತಿದ್ದ ಒಲೆ ಬೂದಿಯಲ್ಲೂ ಇದೇ ಇರುತ್ತದೆ. ಹಿಂದೆ ಯುರೋಪಿನಲ್ಲಿ ಕಟ್ಟಿಗೆಯ ಬೂದಿಯನ್ನು ನೀರಲ್ಲಿ ಕದಡಿ, ಆ ನೀರನ್ನು ಮಡಕೆಯಲ್ಲಿ ಕಾಯಿಸಿ ತೆಗೆಯುತ್ತಿದ್ದ ಉಪ್ಪಿಗೆ ಪೊಟ್ಯಾಷ್ ಅನ್ನುತ್ತಿದ್ದರು. 1807ರಲ್ಲಿ ಹಂಫ್ರಿ ಡೇವಿ ಎಂಬ ವಿಜ್ಞಾನಿ ಅದರಿಂದ ಈ ಲೋಹವನ್ನು ಬೇರ್ಪಡಿಸಿದ್ದರಿಂದ ಪೊಟ್ಯಾಶಿಯಂ ಎಂಬ ಹೆಸರು ಬಂತು. ಬೂದಿಯಲ್ಲಿರುವ ಪೊಟ್ಯಾಶಿಯಂ ನೀರಿಗೆ ಸುಲಭವಾಗಿ ಇಳಿಯುತ್ತದೆ ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಅಡುಗೆಮನೆಯಲ್ಲೂ ಅದೇ ಆಗುತ್ತದೆ.

ದಿನಕ್ಕೆ ಎಷ್ಟು ಬೇಕು?

ದೊಡ್ಡವರಿಗೆ ಸುಮಾರು 3500 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಕನಿಷ್ಠ 3510. ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ್ದು 3500. ಮಕ್ಕಳಿಗೆ ಅವರು ತಿನ್ನುವ ಊಟಕ್ಕೆ ತಕ್ಕಂತೆ ಕಡಿಮೆ. ದಿನಾ ತೂಕ ಮಾಡಿ ತಿನ್ನುವ ವಿಷಯ ಇದಲ್ಲ. ಒಂದು ದಿನ 3000, ಇನ್ನೊಂದು ದಿನ 4000 ಆದರೆ ಆರೋಗ್ಯವಾಗಿರುವ ಕಿಡ್ನಿ ಸರಿಮಾಡಿಕೊಳ್ಳುತ್ತದೆ. ತಿಂಗಳುಗಟ್ಟಲೆ ಇದರ ಅರ್ಧವೂ ಸಿಗದ ಊಟ ಮಾಡುವುದು ಮಾತ್ರ ಒಳ್ಳೆಯದಲ್ಲ.

ದಿನಕ್ಕೊಂದು ಬಾಳೆಹಣ್ಣು ತಿಂದರೆ ಸಾಕಲ್ವಾ?

ಸಾಲದು. ಬಾಳೆಹಣ್ಣಿಗೆ ಈ ಹೆಸರು ಹೇಗೋ ಅಂಟಿಕೊಂಡಿದೆ. ಸುಲಿದ 100 ಗ್ರಾಂ ಬಾಳೆಹಣ್ಣಿನಲ್ಲಿ ಸುಮಾರು 360 ಮಿಲಿಗ್ರಾಂ ಪೊಟ್ಯಾಶಿಯಂ ಇರುತ್ತದೆ. ದೊಡ್ಡ ಪಚ್ಚಬಾಳೆ ಒಂದು ತಿಂದರೆ 400ರ ಹತ್ತಿರ ಸಿಗುತ್ತದೆ. ನಮ್ಮ ಏಲಕ್ಕಿ ಬಾಳೆ ಅದರ ಅರ್ಧವೂ ಇರುವುದಿಲ್ಲ, ಹಾಗಾಗಿ ಅದರಲ್ಲಿ 200 ಸಿಕ್ಕಿದರೆ ಹೆಚ್ಚು. ಅಂದರೆ ಬರೀ ಏಲಕ್ಕಿ ಬಾಳೆಯಿಂದಲೇ ದಿನದ ಲೆಕ್ಕ ತುಂಬಿಸಲು ಹೊರಟರೆ ಒಂದು ಚಿಪ್ಪು ಪೂರ್ತಿ ತಿಂದರೂ ಆಗುವುದಿಲ್ಲ. ಬಾಳೆಹಣ್ಣು ಒಳ್ಳೆಯದೇ, ತಿನ್ನಿ. ಆದರೆ ಹಣ್ಣಿಗಿಂತ ದೊಡ್ಡ ಪಾಲು ಬರಬೇಕಾದದ್ದು ಊಟದ ತಟ್ಟೆಯಿಂದ.

ಹಾಗಾದರೆ ಯಾವುದರಲ್ಲಿ ಜಾಸ್ತಿ ಇದೆ?

ಮೊದಲ ಹೆಸರು ಬೇಳೆಕಾಳಿನದು. ಹುರುಳಿ, ಹೆಸರು, ತೊಗರಿ, ಕಡಲೆ, ಇವೆಲ್ಲ ಒಣಗಿದ 100 ಗ್ರಾಂಗೆ 900ರಿಂದ 1300 ಮಿಲಿಗ್ರಾಂವರೆಗೂ ಕೊಡುತ್ತವೆ. ಒಬ್ಬರು ಒಂದು ಹೊತ್ತಿಗೆ 30 ಗ್ರಾಂ ಕಾಳು ತಿಂದರೂ 300ಕ್ಕೆ ಮೋಸವಿಲ್ಲ. ಮೈಸೂರು, ಮಂಡ್ಯ ಕಡೆಯ ಹುರುಳಿಕಾಳಿನ ಸಾರಾಗಲಿ, ಬೆಳಗಾವಿ ಕಡೆಯ ಮಡಕೆಕಾಳಿನ ಉಸುಳಿಯಾಗಲಿ, ರಾಮನವಮಿಯ ಹೆಸರುಬೇಳೆ ಕೋಸಂಬರಿಯಾಗಲಿ, ಎಲ್ಲವೂ ಈ ಲೆಕ್ಕಕ್ಕೆ ಸೇರಿದವೇ.

ಆಮೇಲೆ ಸೊಪ್ಪು. ದಂಟು, ಹರಿವೆ, ಪಾಲಕ್, ನುಗ್ಗೆಸೊಪ್ಪು 100 ಗ್ರಾಂಗೆ 400ರಿಂದ 600ರವರೆಗೆ ಕೊಡುತ್ತವೆ. ಒಂದು ಕಟ್ಟು ಸೊಪ್ಪು ಬೆಂದ ಮೇಲೆ ಒಂದು ಹಿಡಿಯಾಗುತ್ತದೆ, ಹಾಗಾಗಿ 100 ಗ್ರಾಂ ತಿನ್ನುವುದು ಕಷ್ಟವೇನಲ್ಲ. ಗಡ್ಡೆಗಳಲ್ಲಿ ಆಲೂಗಡ್ಡೆ 400ಕ್ಕೂ ಮೇಲೆ, ಗೆಣಸು 330ರ ಆಸುಪಾಸು. ಬಾಳೆಕಾಯಿ ಪಲ್ಯವೂ ಆಲೂಗಡ್ಡೆಗೆ ಏನೂ ಕಡಿಮೆಯಿಲ್ಲ.

ಹಿಟ್ಟು, ಧಾನ್ಯಗಳಲ್ಲಿ ದೊಡ್ಡ ವ್ಯತ್ಯಾಸವಿದೆ. ಇದನ್ನು ಗಮನಿಸುವವರು ಕಡಿಮೆ. ರಾಗಿ 100 ಗ್ರಾಂಗೆ ಸುಮಾರು 440. ಜೋಳ, ಗೋಧಿ ಹಿಟ್ಟು 300ಕ್ಕೂ ಮೇಲೆ. ಪಾಲಿಶ್ ಮಾಡಿದ ಬಿಳಿ ಅಕ್ಕಿ ಬರೀ 110. ಒಂದೇ ತೂಕದ ಹಿಟ್ಟಿನಲ್ಲಿ ರಾಗಿ ಮುದ್ದೆ ಅನ್ನಕ್ಕಿಂತ ನಾಲ್ಕು ಪಟ್ಟು ಕೊಡುತ್ತದೆ.

ಹಾಲು ಒಂದು ಲೋಟಕ್ಕೆ 280ರ ಹತ್ತಿರ. ಮೊಸರು, ಮಜ್ಜಿಗೆ ಹಾಲಿನ ಲೆಕ್ಕದಲ್ಲೇ ಬರುತ್ತವೆ. ನೀರು ಬೆರೆಸಿದಷ್ಟು ಕಡಿಮೆಯಾಗುತ್ತದೆ. ಎಳನೀರು 100 ಮಿಲಿಲೀಟರಿಗೆ 200ರ ಆಸುಪಾಸು. ಮದ್ದೂರಿನ ಒಂದು ತುಂಬಿದ ಎಳನೀರಿನಿಂದ ಬಾಳೆಹಣ್ಣಿಗಿಂತ ಜಾಸ್ತಿಯೇ ಸಿಗುತ್ತದೆ. 100 ಗ್ರಾಂ ಲೆಕ್ಕದಲ್ಲಿ ಶೇಂಗಾ 700, ಒಣದ್ರಾಕ್ಷಿ 750ರ ಹತ್ತಿರ. ಕೊಡಗಿನ ಕಡೆ ಬೆಳೆಯುವ ಬೆಣ್ಣೆಹಣ್ಣು ಸುಮಾರು 480. ಮೀನು 300ರಿಂದ 400, ಕೋಳಿ 200ಕ್ಕೂ ಮೇಲೆ. ಒಂದು ಮೊಟ್ಟೆಯಲ್ಲಿ ಬರೀ 60-70.

ಈ ಅಂಕಿಗಳು ಮಣ್ಣು, ತಳಿ, ಕಾಯಿ ಎಳೆಯದೋ ಬಲಿತದ್ದೋ ಎನ್ನುವುದರ ಮೇಲೆ ಹೆಚ್ಚುಕಡಿಮೆ ಆಗುತ್ತವೆ.

ಬೇಯಿಸಿದರೆ ಪೊಟ್ಯಾಶಿಯಂ ಹೋಗಿಬಿಡುತ್ತದಾ?

ಬೆಂಕಿಗೆ ಹೋಗುವುದಿಲ್ಲ. ನೀರಿಗೆ ಹೋಗುತ್ತದೆ. ಇಡೀ ವಿಷಯದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ವಿಟಮಿನ್ ಸಿ ಬಿಸಿಗೆ ಹಾಳಾಗುತ್ತದೆ. ಪೊಟ್ಯಾಶಿಯಂ ಹಾಗಲ್ಲ, ಎಷ್ಟು ಕುದಿಸಿದರೂ ಹಾಳಾಗುವುದಿಲ್ಲ. ತರಕಾರಿಯಿಂದ ಇಳಿದು ಬೇಯಿಸಿದ ನೀರಲ್ಲಿ ಕೂರುತ್ತದೆ, ಅಷ್ಟೇ. ಆ ನೀರನ್ನು ಚೆಲ್ಲಿದರೆ ಹೋಯಿತು, ಕುಡಿದರೆ ನಮ್ಮದಾಯಿತು.

ನಮ್ಮ ಬಸ್ಸಾರು ಹೇಗೆ ಮಾಡುತ್ತಾರೆ ನೋಡಿ. ಅಮ್ಮ ಅಲಸಂದೆ ಕಾಳನ್ನು ಮೊದಲು ಬೇಯಲು ಇಡುತ್ತಾಳೆ. ಕಾಳು ಮುಕ್ಕಾಲು ಬೆಂದ ಮೇಲೆ ಹೆಚ್ಚಿದ ದಂಟಿನ ಸೊಪ್ಪು ಹಾಕುತ್ತಾಳೆ. ಸೊಪ್ಪು ಮೆತ್ತಗಾದ ಕೂಡಲೇ ತಪ್ಪಲೆಯ ಬಾಯಿಗೆ ತಟ್ಟೆ ಅಡ್ಡ ಹಿಡಿದು, ಬಟ್ಟೆಯಲ್ಲಿ ಎರಡೂ ಕಡೆ ಹಿಡಿದುಕೊಂಡು, ಇನ್ನೊಂದು ಪಾತ್ರೆಗೆ ನಿಧಾನವಾಗಿ ಬಾಗಿಸುತ್ತಾಳೆ. ಹಬೆ ಮುಖಕ್ಕೆ ಹೊಡೆಯುತ್ತದೆ. ಕೆಳಗೆ ಇಳಿಯುವ ನೀರು ತಿಳಿಯಾಗಿರುವುದಿಲ್ಲ. ಹಸಿರೂ ಅಲ್ಲದ ಕಂದೂ ಅಲ್ಲದ ಬಣ್ಣ, ಮಣ್ಣಿನ ವಾಸನೆ. ಆ ಬಣ್ಣದ ಜೊತೆ ಪೊಟ್ಯಾಶಿಯಂ ಕೂಡ ಇಳಿದಿರುತ್ತದೆ. ಕಾಯಿ, ಈರುಳ್ಳಿ, ಬೆಳ್ಳುಳ್ಳಿ, ಹುಣಸೆಹಣ್ಣು, ಒಂದು ಹಿಡಿ ಬೆಂದ ಕಾಳು ರುಬ್ಬಿ ಅದೇ ನೀರಿಗೆ ಹಾಕಿ ಕುದಿಸಿದರೆ ಸಾರು. ಮೇಲೆ ಉಳಿದ ಸೊಪ್ಪು, ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಹನಿಯೂ ಮೋರಿಗೆ ಹೋಗುವುದಿಲ್ಲ. ಯುಗಾದಿಗೆ ಒಬ್ಬಟ್ಟು ಮಾಡುವಾಗ ಬೇಳೆ ಬಸಿದ ಕಟ್ಟಿನಿಂದ ಒಬ್ಬಟ್ಟಿನ ಸಾರು ಮಾಡುವುದೂ ಹೀಗೇ. ಹುರುಳಿ ಕಟ್ಟಿನ ಸಾರೂ ಹೀಗೇ. ಉತ್ತರ ಕರ್ನಾಟಕದ ಕಟ್ಟಿನ ಸಾರೂ ಇದೇ ದಾರಿ.

ಇವತ್ತು ಏನಾಗಿದೆ ಅಂದರೆ, ಪಲ್ಯಕ್ಕೆ ತರಕಾರಿ ಬೇಯಿಸುವಾಗ ಕೊಳಾಯಿ ತಿರುಗಿಸಿ ಪಾತ್ರೆ ತುಂಬ ನೀರು ಹಾಕುತ್ತೇವೆ. ಬೆಂದ ಮೇಲೆ ಸಿಂಕಿನಲ್ಲಿ ಜಾಲರಿ ಇಟ್ಟು ಸುರಿದುಬಿಡುತ್ತೇವೆ. ಬೀನ್ಸು, ಕ್ಯಾರೆಟ್ಟು, ಹೂಕೋಸು ಬೆಂದ ನೀರೆಲ್ಲ ಅಲ್ಲಿಗೇ. ಅದನ್ನು ಸಾರಿಗೋ ಚಪಾತಿ ಹಿಟ್ಟಿಗೋ ಹಾಕಿಕೊಳ್ಳಿ. ಇಲ್ಲವೇ ನೀರು ಚಿಮುಕಿಸಿ ಮುಚ್ಚಳ ಮುಚ್ಚಿ ಬೇಯಿಸಿ. ಕುಕ್ಕರಿನಲ್ಲಿ ಬೇಳೆ ಬೇಯಿಸಿ ಅದೇ ನೀರಿನ ಸಮೇತ ಸಾಂಬಾರು ಮಾಡಿದರೆ ಏನೂ ನಷ್ಟವಿಲ್ಲ. ಹಬೆಯಲ್ಲಿ ಬೇಯಿಸಿದರೂ ನಷ್ಟ ಕಡಿಮೆ, ಹುರಿದರೆ ಸುಟ್ಟರೆ ಇಲ್ಲವೇ ಇಲ್ಲ.

ಹೊಟ್ಟೆ ಉಬ್ಬರ ಆಗುತ್ತದೆಂದು ಕಾಳು ನೆನೆಸಿದ ನೀರನ್ನು ಕೆಲವರು ಚೆಲ್ಲುತ್ತಾರೆ. ಅದರಲ್ಲಿ ಸ್ವಲ್ಪ ಹೋಗುತ್ತದೆ, ಆದರೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಲೆಕ್ಕ ಹಾಕಿ ತೋರಿಸಿ. ಒಂದು ದಿನದ ಊಟದಲ್ಲಿ 3500 ಬರುತ್ತದಾ?

ಬರುತ್ತದೆ. ಬೆಳಿಗ್ಗೆ ಒಂದು ಕಾಫಿ, ಮೂರು ಇಡ್ಲಿ, ತರಕಾರಿ ಸಾಂಬಾರು ಅಂದರೆ ಸುಮಾರು 700. ಮಧ್ಯಾಹ್ನ ಒಂದು ಮುದ್ದೆ, ಬಸ್ಸಾರು ಪಲ್ಯ, ಸ್ವಲ್ಪ ಅನ್ನ ಮಜ್ಜಿಗೆ ಅಂದರೆ 1300. ಸಂಜೆ ಒಂದು ಪಚ್ಚಬಾಳೆ, ಇನ್ನೊಂದು ಕಾಫಿ, ಒಂದು ಹಿಡಿ ಬೇಯಿಸಿದ ಶೇಂಗಾ ಅಂದರೆ 800. ರಾತ್ರಿ ಎರಡು ಚಪಾತಿ, ಆಲೂಗಡ್ಡೆ ಪಲ್ಯ, ಒಂದು ಬಟ್ಟಲು ಮೊಸರು ಅಂದರೆ 800. ಎಲ್ಲ ಸೇರಿ 3600. ಇದರಲ್ಲಿ ವಿಶೇಷ ಅಡುಗೆ ಏನಿದೆ ಹೇಳಿ? ಅಂಗಡಿಯಿಂದ ದುಬಾರಿ ಡಬ್ಬ ಏನೂ ತರಲಿಲ್ಲ.

ಈಗ ಇನ್ನೊಂದು ದಿನ. ಬೆಳಿಗ್ಗೆ ಚಟ್ನಿ ಜೊತೆ ಇಡ್ಲಿ, ಮಧ್ಯಾಹ್ನ ಅನ್ನ, ತಿಳಿಸಾರು, ಹಪ್ಪಳ, ಉಪ್ಪಿನಕಾಯಿ, ಸಂಜೆ ಬಿಸ್ಕತ್ತು ಕಾಫಿ, ರಾತ್ರಿ ಚಿತ್ರಾನ್ನ. ಹೊಟ್ಟೆ ತುಂಬಿರುತ್ತದೆ, ಆದರೆ 1500 ದಾಟುವುದು ಕಷ್ಟ. ವಯಸ್ಸಾದವರು ಒಬ್ಬರೇ ಇರುವ ಎಷ್ಟೋ ಮನೆಗಳಲ್ಲಿ ದಿನಾ ಹೀಗೇ ನಡೆಯುತ್ತದೆ. ನನಗೆ ಅವರ ಬಗ್ಗೆಯೇ ಹೆಚ್ಚು ಚಿಂತೆ.

ನಮಗೆ ಅನ್ನ ಬಿಟ್ಟು ಇರಲು ಆಗಲ್ಲ. ಏನು ಮಾಡುವುದು?

ಬಿಡಬೇಡಿ. ಅನ್ನದ ಪಕ್ಕದಲ್ಲಿ ಏನಿದೆ ಅಂತ ನೋಡಿ. ಸಾರು ಗಟ್ಟಿ ಮಾಡಿ, ಪಲ್ಯ ಎರಡು ಚಮಚದ ಬದಲು ಒಂದು ಬಟ್ಟಲು ಹಾಕಿಕೊಳ್ಳಿ. ಕರಾವಳಿಯವರ ತಟ್ಟೆಯಲ್ಲಿ ಬಂಗುಡೆ, ಬಸಳೆ, ಹೆಸರುಕಾಳು ಗಸಿ ಇದ್ದೇ ಇರುತ್ತದೆ. ಮಲೆನಾಡಿನವರಿಗೆ ಸೊಪ್ಪಿನ ತಂಬುಳಿ ಇದೆ. ತಂಬುಳಿಯಲ್ಲಂತೂ ಸೊಪ್ಪನ್ನು ಬಾಡಿಸಿ ರುಬ್ಬುವುದರಿಂದ ಚೆಲ್ಲುವ ಮಾತೇ ಬರುವುದಿಲ್ಲ.

ಬಿಪಿಗೂ ಪೊಟ್ಯಾಶಿಯಂಗೂ ಏನು ಸಂಬಂಧ?

ಹತ್ತಿರದ ಸಂಬಂಧ. ಪೊಟ್ಯಾಶಿಯಂ ಸಾಕಷ್ಟು ಸಿಕ್ಕಾಗ ಕಿಡ್ನಿ ಸೋಡಿಯಂ ಅನ್ನು ಹೆಚ್ಚು ಹೊರಗೆ ಕಳಿಸುತ್ತದೆ. ರಕ್ತನಾಳಗಳೂ ಸ್ವಲ್ಪ ಸಡಿಲವಾಗುತ್ತವೆ. ಬಿಪಿ ಇಳಿಯುತ್ತದೆ, ಪಾರ್ಶ್ವವಾಯುವಿನ ಅಪಾಯ ಕಡಿಮೆಯಾಗುತ್ತದೆ. ಬಿಪಿ ಇದ್ದವರಿಗೆ ಇದರ ಲಾಭ ಜಾಸ್ತಿ.

ಆದರೆ ಒಂದು ಕಡೆ ಸೊಪ್ಪು ತಿಂದು ಇನ್ನೊಂದು ಕಡೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಕುರುಕಲು ತಿಂಡಿ ಹಾಗೇ ಇಟ್ಟುಕೊಂಡರೆ ಅರ್ಧ ಲಾಭ ಅಲ್ಲೇ ಹೋಗುತ್ತದೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಟೀ ಚಮಚದಷ್ಟೂ ಇಲ್ಲ. ಮತ್ತೆ, ಯಾರೂ ಊಟ ಬದಲಿಸಿದೆವೆಂದು ಬಿಪಿ ಮಾತ್ರೆಯನ್ನು ತಾವಾಗಿ ನಿಲ್ಲಿಸಬೇಡಿ.

ಅಂಗಡಿಯಲ್ಲಿ ಸಿಗುವ ಲೋ ಸೋಡಿಯಂ ಉಪ್ಪು ಬಳಸಬಹುದಾ?

ಕಿಡ್ನಿ ಚೆನ್ನಾಗಿದ್ದರೆ ಬಳಸಬಹುದು, ಲಾಭವೂ ಇದೆ. ಆ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಪಾಲು ತೆಗೆದು ಪೊಟ್ಯಾಶಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ವರ್ಷಗಟ್ಟಲೆ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರೆಲ್ಲ ಹಿಂದೆ ಪಾರ್ಶ್ವವಾಯು ಆಗಿದ್ದವರು, ಇಲ್ಲವೇ ವಯಸ್ಸು 60 ದಾಟಿ ಬಿಪಿ ಇದ್ದವರು. ಅರ್ಧ ಹಳ್ಳಿಗಳಿಗೆ ಕೊಟ್ಟದ್ದು ಮುಕ್ಕಾಲು ಪಾಲು ಮಾಮೂಲಿ ಉಪ್ಪು, ಕಾಲು ಪಾಲು ಪೊಟ್ಯಾಶಿಯಂ ಕ್ಲೋರೈಡ್ ಬೆರೆಸಿದ ಉಪ್ಪು. ಆ ಹಳ್ಳಿಗಳಲ್ಲಿ ಪಾರ್ಶ್ವವಾಯು ನೂರಕ್ಕೆ 14ರಷ್ಟು ಕಡಿಮೆಯಾಯಿತು. ಬರೀ ಉಪ್ಪಿನ ಡಬ್ಬಿ ಬದಲಿಸಿದ್ದಕ್ಕೆ ಇಷ್ಟು ಅಂದರೆ ಸಣ್ಣ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ 2025ರ ಜನವರಿಯಲ್ಲಿ ಮನೆ ಬಳಕೆಗೆ ಇಂಥ ಉಪ್ಪನ್ನು ಸೂಚಿಸಿತು. ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು ಮತ್ತು ಮಕ್ಕಳಿಗೆ ಆ ಸೂಚನೆ ಅನ್ವಯಿಸುವುದಿಲ್ಲ.

ನಮ್ಮ ಅತ್ತೆಯ ಬಿಪಿಗೆ ಒಳ್ಳೆಯದೆಂದು ಯಾರೋ ಪ್ರೀತಿಯಿಂದ ಈ ಉಪ್ಪಿನ ಪ್ಯಾಕೆಟ್ ತಂದುಕೊಟ್ಟಿದ್ದರು. ನಾವು ಎರಡು ತಿಂಗಳು ಬಳಸಿದೆವು. 5.8 ಬಂದಾಗ ಡಾಕ್ಟರ್ ಮೊದಲು ಕೇಳಿದ ಪ್ರಶ್ನೆ, "ಯಾವ ಉಪ್ಪು ಹಾಕ್ತೀರಿ?" ಮನೆಯಲ್ಲಿ ಒಬ್ಬರಿಗಾದರೂ ಕಿಡ್ನಿ ತೊಂದರೆ ಇದ್ದರೆ ಆ ಪ್ಯಾಕೆಟ್ ಅಡುಗೆಮನೆಗೇ ಬೇಡ.

ಪೊಟ್ಯಾಶಿಯಂ ಕಡಿಮೆಯಾದರೆ ಹೇಗೆ ಗೊತ್ತಾಗುತ್ತದೆ? ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು ಇದಕ್ಕೇನಾ?

ಮೀನಖಂಡ ಹಿಡಿದುಕೊಳ್ಳಲು ಕಾರಣ ಹತ್ತಾರು. ಅದೊಂದನ್ನೇ ನೋಡಿ ಪೊಟ್ಯಾಶಿಯಂ ಕಡಿಮೆ ಅನ್ನಲು ಆಗುವುದಿಲ್ಲ. ನಿಜವಾಗಿ ಕಡಿಮೆಯಾದಾಗ ಕೈಕಾಲು ಸೋಲುತ್ತವೆ, ಸುಸ್ತಾಗುತ್ತದೆ, ಮಲಬದ್ಧತೆ ಬರುತ್ತದೆ, ಎದೆ ಡವಡವ ಅನ್ನುತ್ತದೆ. ತುಂಬ ಕಡಿಮೆಯಾದರೆ ಹೃದಯದ ಬಡಿತವೇ ಏರುಪೇರಾಗುತ್ತದೆ. ರಕ್ತ ಪರೀಕ್ಷೆ ಬಿಟ್ಟರೆ ಗೊತ್ತುಮಾಡಿಕೊಳ್ಳಲು ಬೇರೆ ದಾರಿಯಿಲ್ಲ.

ಬರೀ ಊಟ ಕಡಿಮೆಯಾಗಿ ರಕ್ತದ ಪೊಟ್ಯಾಶಿಯಂ ಬಿದ್ದುಹೋಗುವುದು ಅಪರೂಪ. ಸಾಮಾನ್ಯವಾಗಿ ಭೇದಿ, ವಾಂತಿ, ಇಲ್ಲವೇ ಫ್ಯೂರೋಸೆಮೈಡ್, ಹೈಡ್ರೋಕ್ಲೋರೋಥಯಾಜೈಡ್‌ನಂಥ ನೀರಿನ ಮಾತ್ರೆ ಇದಕ್ಕೆ ಕಾರಣ. ಅಪ್ಪನಿಗೆ ಎರಡೂ ಒಟ್ಟಿಗೆ ಬಂದಿತ್ತು. ಮೆಗ್ನೀಶಿಯಂ ಕಡಿಮೆ ಇದ್ದರೆ ಎಷ್ಟು ಪೊಟ್ಯಾಶಿಯಂ ಕೊಟ್ಟರೂ ಏರುವುದಿಲ್ಲ, ಹಾಗಾಗಿ ಡಾಕ್ಟರ್ ಅದನ್ನೂ ನೋಡುತ್ತಾರೆ.

ಭೇದಿಯಾದಾಗ ಎಳನೀರು ಕೊಟ್ಟರೆ ಸಾಕಾ?

ಎಳನೀರಿನಲ್ಲಿ ಪೊಟ್ಯಾಶಿಯಂ ಚೆನ್ನಾಗಿದೆ, ಸೋಡಿಯಂ ಕಡಿಮೆ. ಭೇದಿಯಲ್ಲಿ ಎರಡೂ ಹೋಗುತ್ತವೆ. ಅದಕ್ಕೇ ಓಆರ್‌ಎಸ್ ಮೊದಲು. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಂತೆ 1 ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಶಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರುತ್ತದೆ. ಪ್ಯಾಕೆಟ್ ಮೇಲೆ ಎಷ್ಟು ನೀರು ಹಾಕಿ ಅಂತ ಬರೆದಿದೆಯೋ ಅಷ್ಟೇ ಹಾಕಿ. ರುಚಿಗೆಂದು ಸಕ್ಕರೆ ಸೇರಿಸಬೇಡಿ. ಮನೆಯಲ್ಲಿ ಮಾಡುವ ಉಪ್ಪು ಸಕ್ಕರೆ ನೀರಿನಲ್ಲಿ ಪೊಟ್ಯಾಶಿಯಂ ಇರುವುದಿಲ್ಲ. ಮಧ್ಯೆ ಮಧ್ಯೆ ಎಳನೀರು, ಮಜ್ಜಿಗೆ, ಗಂಜಿ ಕೊಡಬಹುದು. ನೀರಿನ ಮಾತ್ರೆ ತೆಗೆದುಕೊಳ್ಳುವವರಿಗೆ ಭೇದಿ ಶುರುವಾದರೆ ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ. ನಾವು ಎರಡು ದಿನ ಕಾದೆವು, ಅದು ನಮ್ಮ ತಪ್ಪು.

ಕೆಮ್ಮಿಗೆ ಜ್ಯೇಷ್ಠಮಧು ತಿನ್ನುತ್ತೇವೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇದೆ. ಜ್ಯೇಷ್ಠಮಧುವಿನಲ್ಲಿ ಗ್ಲಿಸಿರೈಜಿನ್ ಎಂಬ ಅಂಶವಿದೆ. ಹೆಚ್ಚು ದಿನ, ಹೆಚ್ಚು ಪ್ರಮಾಣದಲ್ಲಿ ತಿಂದರೆ ಅದು ಪೊಟ್ಯಾಶಿಯಂ ಇಳಿಸಿ ಬಿಪಿ ಏರಿಸುತ್ತದೆ. ಕೆಮ್ಮಿದ್ದಾಗ ಎರಡು ದಿನ ಸಣ್ಣ ಚೂರು ಬಾಯಲ್ಲಿಟ್ಟುಕೊಂಡರೆ ಆರೋಗ್ಯವಂತರಿಗೆ ಭಯವಿಲ್ಲ. ಬಿಪಿ ಇರುವವರು, ನೀರಿನ ಮಾತ್ರೆಯವರು ದಿನಾ ಕಷಾಯ ಮಾಡಿ ಕುಡಿಯುವುದು ಬೇಡ.

ಪೊಟ್ಯಾಶಿಯಂ ಸಿರಪ್ ಮೆಡಿಕಲ್ ಶಾಪಿನಿಂದ ತಂದು ಕುಡಿಯಬಹುದಾ?

ಬೇಡವೇ ಬೇಡ. ಊಟದಿಂದ ಬರುವುದು ನಿಧಾನವಾಗಿ ಬರುತ್ತದೆ, ಸಿರಪ್ಪು ಒಮ್ಮೆಲೇ ಏರಿಸುತ್ತದೆ. ಡಾಕ್ಟರ್ ಬರೆದುಕೊಟ್ಟರೆ ಅವರು ಹೇಳಿದಷ್ಟೇ, ನೀರು ಬೆರೆಸಿ, ಊಟವಾದ ಮೇಲೆ ಕುಡಿಯಿರಿ. ಇಲ್ಲವಾದರೆ ಹೊಟ್ಟೆ ಉರಿಯುತ್ತದೆ. ಅವರು ಹೇಳಿದ ದಿನಕ್ಕೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿ.

ಪೊಟ್ಯಾಶಿಯಂ ಜಾಸ್ತಿಯಾದರೆ ಏನಾಗುತ್ತದೆ? ಯಾರು ಎಚ್ಚರವಾಗಿರಬೇಕು?

ಕಿಡ್ನಿ ಚೆನ್ನಾಗಿರುವವರಿಗೆ ಮಾಮೂಲಿ ಊಟದಿಂದ ಜಾಸ್ತಿಯಾಗುವುದಿಲ್ಲ. ಎಷ್ಟು ಸೊಪ್ಪು ತಿಂದರೂ ಕಿಡ್ನಿ ಹೊರಗೆ ಹಾಕುತ್ತದೆ. ಕಿಡ್ನಿ ಸೋತಾಗ ಮಾತ್ರ ರಕ್ತದಲ್ಲಿ ನಿಲ್ಲುತ್ತದೆ. ಭಯ ಏನೆಂದರೆ, ಬಹಳ ಸಲ ಮುನ್ಸೂಚನೆಯೇ ಇರುವುದಿಲ್ಲ. ಅತ್ತೆ 5.8 ಬಂದ ದಿನವೂ ಹೂ ಕಟ್ಟುತ್ತಾ ಕೂತಿದ್ದರು. ಇನ್ನೂ ಏರಿದ್ದರೆ ಹೃದಯ ನಿಲ್ಲುವ ಅಪಾಯವಿತ್ತು.

ಮಾತ್ರೆಗಳ ಕಡೆಯೂ ಗಮನವಿರಲಿ. ಟೆಲ್ಮಿಸಾರ್ಟನ್, ಲೋಸಾರ್ಟನ್, ರಾಮಿಪ್ರಿಲ್, ಎನಲಾಪ್ರಿಲ್, ಇವು ಬಿಪಿಗೆ ತುಂಬ ಜನ ತೆಗೆದುಕೊಳ್ಳುವ ಒಳ್ಳೆಯ ಮಾತ್ರೆಗಳು. ಆದರೆ ಪೊಟ್ಯಾಶಿಯಂ ಸ್ವಲ್ಪ ಏರಿಸುತ್ತವೆ. ಸ್ಪೈರೊನೊಲ್ಯಾಕ್ಟೋನ್ ಕೂಡ ಏರಿಸುತ್ತದೆ. ಮಂಡಿ ನೋವಿಗೆ ಅಂತ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗುವುದೂ ಏರಿಸಬಹುದು. ಇವುಗಳ ಜೊತೆಗೆ ಲೋ ಸೋಡಿಯಂ ಉಪ್ಪು, ದಿನಾ ಎರಡು ಮೂರು ಎಳನೀರು ಸೇರಿದರೆ ತೊಂದರೆಯಾಗುತ್ತದೆ. ಧಾರೆಹುಳಿ, ಅಂದರೆ ನಕ್ಷತ್ರ ಹಣ್ಣು, ಕಿಡ್ನಿ ತೊಂದರೆ ಇರುವವರು ತಿನ್ನಲೇಬಾರದು. ಅದರಲ್ಲಿ ನರಕ್ಕೆ ವಿಷವಾಗುವ ಬೇರೆಯೇ ಅಂಶವಿದೆ.

ರಿಪೋರ್ಟಿನಲ್ಲಿ ಜಾಸ್ತಿ ಬಂದಿದೆ, ಆದರೆ ಕಾರಣವೇ ಕಾಣುತ್ತಿಲ್ಲ. ತಪ್ಪಿರಬಹುದಾ?

ಇರಬಹುದು. ರಕ್ತ ತೆಗೆಯುವಾಗ ಮುಷ್ಟಿಯನ್ನು ಬಿಗಿಹಿಡಿದು ಬಿಡುತ್ತಾ ಇದ್ದರೆ, ರಕ್ತದ ಕಣಗಳು ಟ್ಯೂಬಿನಲ್ಲಿ ಒಡೆದರೆ, ಒಳಗಿನ ಪೊಟ್ಯಾಶಿಯಂ ಹೊರಬಂದು ಅಂಕಿ ಸುಳ್ಳೇ ಏರುತ್ತದೆ. ಹಾಗೆಂದು ಸುಮ್ನೆ ಬಿಡುವ ಹಾಗಿಲ್ಲ. ಅದೇ ದಿನ ಡಾಕ್ಟರಿಗೆ ತೋರಿಸಿ. ಮತ್ತೆ ಪರೀಕ್ಷೆ ಬೇಕೇ, ಇಸಿಜಿ ಬೇಕೇ ಎಂದು ಅವರು ಹೇಳುತ್ತಾರೆ.

ಪ್ಯಾಕೆಟ್ ಮೇಲೆ ಪೊಟ್ಯಾಶಿಯಂ ಬರೆದಿರುತ್ತದಾ?

ನಮ್ಮಲ್ಲಿ ಹೆಚ್ಚಾಗಿ ಇರುವುದಿಲ್ಲ. ಸೋಡಿಯಂ ಬರೆದಿರುತ್ತಾರೆ, ಅದನ್ನಾದರೂ ನೋಡಿ. ಕಿಡ್ನಿ ತೊಂದರೆ ಇರುವವರು ಪದಾರ್ಥಗಳ ಪಟ್ಟಿಯಲ್ಲಿ ಪೊಟ್ಯಾಶಿಯಂ ಕ್ಲೋರೈಡ್ ಇದೆಯೇ ಎಂದು ಹುಡುಕಬೇಕು.

ಸಕ್ಕರೆ ಕಾಯಿಲೆ ಇದೆ. ಬಾಳೆಹಣ್ಣು, ಆಲೂಗಡ್ಡೆ ಬೇಡ ಅಂದಿದ್ದಾರೆ. ಎಲ್ಲಿಂದ ತರುವುದು?

ಸೊಪ್ಪು, ಕಾಳು, ಮೊಸರು, ಒಂದು ಹಿಡಿ ಶೇಂಗಾ. ಇವು ನಿಮಗೂ ಒಗ್ಗುತ್ತವೆ. ಆದರೆ ಸಕ್ಕರೆ ಕಾಯಿಲೆ ಹತ್ತಾರು ವರ್ಷದ್ದಾದರೆ ಮೊದಲು ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಎಷ್ಟೋ ಜನರಿಗೆ ಕಿಡ್ನಿ ಕುಗ್ಗಿರುವುದು ಗೊತ್ತೇ ಇರುವುದಿಲ್ಲ.

ಒಂದೇ ಮನೆಯಲ್ಲಿ ಒಬ್ಬರಿಗೆ ಪೊಟ್ಯಾಶಿಯಂ ಬೇಡ, ಉಳಿದವರಿಗೆ ಬೇಕು. ಎರಡೆರಡು ಅಡುಗೆ ಮಾಡಬೇಕಾ?

ಪೂರ್ತಿ ಎರಡು ಬೇಕಿಲ್ಲ. ನಾನು ಮಾಡುವುದನ್ನು ಹೇಳುತ್ತೇನೆ. ಅತ್ತೆಯ ಪಾಲಿನ ಆಲೂಗಡ್ಡೆಯ ಸಿಪ್ಪೆ ತೆಗೆದು ತೆಳ್ಳಗೆ ಹೆಚ್ಚುತ್ತೇನೆ. ದೊಡ್ಡ ಪಾತ್ರೆ ತುಂಬ ನೀರಲ್ಲಿ ಕುದಿಸಿ ಬಸಿಯುತ್ತೇನೆ. ಹೊಸ ನೀರು ಹಾಕಿ ಇನ್ನೊಂದು ಕುದಿ ಬರಿಸಿ ಮತ್ತೆ ಬಸಿಯುತ್ತೇನೆ. ಸುಮ್ನೆ ತಣ್ಣೀರಲ್ಲಿ ನೆನೆಹಾಕಿದರೆ ಹೆಚ್ಚೇನೂ ಇಳಿಯುವುದಿಲ್ಲ, ಕುದಿಸಿ ಬಸಿದರೆ ಅರ್ಧದಷ್ಟು ಹೋಗುತ್ತದೆ. ಬೀನ್ಸು, ಸೊಪ್ಪಿಗೂ ಇದೇ ದಾರಿ. ಉಳಿದವರಿಗೆ ಬಸಿದ ಮೊದಲ ನೀರನ್ನು ಸಾರಿಗೆ ಹಾಕಿಬಿಡುತ್ತೇನೆ. ಅತ್ತೆಯ ತಟ್ಟೆಯಲ್ಲಿ ಬೇಡವಾದದ್ದು ಹೀಗೆ ಮೊಮ್ಮಕ್ಕಳ ತಟ್ಟೆಗೆ ಬರುತ್ತದೆ. ಬೇರೆಯವರಿಗೆ ನಾನು ಕಡಿಮೆ ಮಾಡಿ ಅನ್ನುವ ಬಿಳಿ ಅನ್ನ ಅವರಿಗೆ ಒಳ್ಳೆಯದು. ಮುದ್ದೆ ಕಡಿಮೆ. ಎಷ್ಟು ಬೇಳೆ, ಯಾವ ಹಣ್ಣು, ಎಷ್ಟು ಎಂದು ಆಸ್ಪತ್ರೆಯ ಡಯಟೀಷಿಯನ್ ಬರೆದುಕೊಟ್ಟ ಚೀಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ.

ಬಸ್ಸಾರು ಅಂದರೆ ಅತ್ತೆಗೆ ಪ್ರಾಣ. ಅದೇ ಅವರಿಗೆ ಬೇಡ ಅಂದಾಗ ಎರಡು ದಿನ ಸರಿಯಾಗಿ ಊಟವೇ ಮಾಡಲಿಲ್ಲ. ಈಗ ಅವರಿಗೆ ಎರಡು ಸಲ ಬಸಿದ ಸೊಪ್ಪಿಗೆ ಬೆಳ್ಳುಳ್ಳಿ ಜಾಸ್ತಿ ಹಾಕಿ ಒಗ್ಗರಣೆ ಕೊಡುತ್ತೇನೆ, ಬಿಸಿ ಅನ್ನಕ್ಕೆ ಕಲಸಿಕೊಂಡು ತಿನ್ನುತ್ತಾರೆ. ಕಳೆದ ಸಲದ ರಿಪೋರ್ಟಿನಲ್ಲಿ 4.9 ಬಂತು. ಡಯಟೀಷಿಯನ್ ಅದನ್ನು ನೋಡಿ ಹದಿನೈದು ದಿನಕ್ಕೊಮ್ಮೆ ಒಂದು ಸಣ್ಣ ಸೌಟು ಸಾರು ಕೊಡಬಹುದು ಅಂದರು. ಮುಂದಿನ ಭಾನುವಾರ ಆ ದಿನ. ದಂಟಿನ ಸೊಪ್ಪು ತರಲು ಅತ್ತೆ ಈಗಲೇ ನೆನಪಿಸುತ್ತಿದ್ದಾರೆ.